ಹುಣಸೆ ಬೀಜದ ಗಂಜಿ ಕುಡಿದ ಪಿಯಾನೋ

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಏಕನಾಥಮ್ಮನ ಮನೆಗೆ ಹೊಸದಾಗಿ ಹೋದವರು ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ನಡುಮನೆಯಲ್ಲಿ ಎರಡು ಪಿಯಾನೋಗಳಿವೆ. ಕಿಟಕಿಯ ಕಡೆಗಿರುವುದು ಹಳೆಯದು. ಮುಚ್ಚಳ ಎತ್ತಿದರೆ ತಂತಿ, ಮರ, ಧೂಳು ಎಲ್ಲ ಕಾಣುವ ಮೂರು ಕಾಲಿನ ಗ್ರ್ಯಾಂಡ್ ಪಿಯಾನೋ. ಗೋಡೆಯ ಕಡೆಗಿರುವುದು ಹೊಸದು. ಕರೆಂಟಿನಿಂದ ನಡೆಯುವ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಡಿಜಿಟಲ್ ಪಿಯಾನೋ. ಉಳಿದ ಜಾಗದಲ್ಲಿ ಒಂದು ಮಂಚ, ಒಂದು ಟೀವಿ ಮತ್ತು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಟಿಕೆಟ್ ಕೊಟ್ಟು ಕೊಟ್ಟು ನಿವೃತ್ತನಾದ ಗಂಡ ಪರಮೇಶ್.

"ಮನೇಲಿ ಇಬ್ರು ಸವತೇರನ್ನ ಇಟ್ಕಂಡವ್ಳೆ. ನಾನು ಯಾವ ಮೂಲೆಗೆ ಹೋಗ್ಲಿ ಹೇಳ್ರಿ" ಎಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ಏಕನಾಥಮ್ಮ ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಾಳೆ. ಇಷ್ಟು ಹಳಸಿದ ಮಾತಿಗೂ ಹೆಂಡತಿ ನಗುತ್ತಾಳೆಂದರೆ ಆ ಸಂಸಾರಕ್ಕೆ ದೊಡ್ಡ ಕೊರತೆಯೇನೂ ಇಲ್ಲವೆಂದೇ ತಿಳಿಯಬೇಕು.

ನಿಜಕ್ಕೂ ಇರಲಿಲ್ಲ. ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಪಿಯಾನೋ ಟೀಚರ್ ಮನೆ ಎಂದರೆ ಸಾಕು, ಆಟೋದವರು ಮಾತಿಲ್ಲದೆ ತಂದು ಇಳಿಸುತ್ತಾರೆ. ಭಾನುವಾರ ಹಿರಿಯೂರಿನಿಂದ, ಹೊಸದುರ್ಗದಿಂದ ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮಂದಿರು ಬರುತ್ತಾರೆ. ವಾರಕ್ಕೊಮ್ಮೆ ಅವಳೇ ಹೊಳಲ್ಕೆರೆಗೆ ಹೋಗಿ ಅಲ್ಲೊಂದು ಶಾಲೆಯಲ್ಲಿ ಕಲಿಸಿ ಬರುತ್ತಾಳೆ. ಐವತ್ತೈದು ದಾಟಿದರೂ ಬೆರಳುಗಳು ಇನ್ನೂ ಹೇಳಿದ ಮಾತು ಕೇಳುತ್ತಿವೆ. ಕೊರಗು ಎಂದು ಇದ್ದದ್ದು ಒಂದೇ. ಅವಳ ಅಣ್ಣ ಉಗ್ರಪ್ಪ ಒಂದು ದಿನವೂ ಮನಸಿಟ್ಟು ಕೂತು ಅವಳ ಪಿಯಾನೋ ಕೇಳಿರಲಿಲ್ಲ.

ಕೇಳದಿದ್ದರೆ ಗಂಟೇನು ಹೋಯಿತು ಎನ್ನಬಹುದು. ಆದರೆ ಆ ಪಿಯಾನೋ ಅವಳ ಪಾಲಿಗೆ ಬಂದದ್ದೇ ಅವನಿಂದ. ಇವರದು ಹಿರೇಗುಂಟನೂರಿನ ಕುರಿ ಸಾಕಿ ಕಂಬಳಿ ನೇಯುವ ಮನೆತನ. ಅಪ್ಪ ಯತ್ತಪ್ಪ ದುರ್ಗದ ಒಂದು ಮಿಶನ್ ಬಂಗಲೆಯಲ್ಲಿ ಮಾಲಿ ಕೆಲಸಕ್ಕೆ ಸೇರಿದ್ದ. ರಜೆಯಲ್ಲಿ ಜೊತೆಗೆ ಬಂದ ಮಗಳಿಗೆ ಬಂಗಲೆಯ ಡಾಕ್ಟರಮ್ಮ ಪಿಯಾನೋದ ಧೂಳು ಒರೆಸಲು ಹೇಳಿದರು. ಹುಡುಗಿ ಒರೆಸುವ ನೆಪದಲ್ಲಿ, ಹಿಂದಿನ ಸಂಜೆ ಡಾಕ್ಟರಮ್ಮ ಬಾರಿಸಿದ್ದನ್ನು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಬಾರಿಸಿದಳು. ಡಾಕ್ಟರಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿ, ಇವಳು ಇಲ್ಲೇ ಇದ್ದು ಕಲಿಯಲಿ ಎಂದರು. ಯತ್ತಪ್ಪ ಹಿಂದೆ ಮುಂದೆ ನೋಡಿದ. ಊರಿನಲ್ಲಿ ಮರಿಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಆಗ ಮೀಸೆ ಕೂಡ ಚಿಗುರದಿದ್ದ ಉಗ್ರಪ್ಪ, "ಮರಿ ನಾನ್ ನೋಡ್ಕಂತೀನಿ ಬಿಡಪ್ಪ. ಅವ್ಳು ಕಲ್ತುಕೊಳ್ಲಿ" ಎಂದು ಶಾಲೆ ಬಿಟ್ಟ. ಅದನ್ನು ಆಮೇಲೆ ಯಾವತ್ತೂ ಎತ್ತಿ ಆಡಲಿಲ್ಲ.

ವರ್ಷಗಳ ಮೇಲೆ ಬಂಗಲೆ ಮುಚ್ಚಿ ಡಾಕ್ಟರಮ್ಮ ಪಿಯಾನೋವನ್ನು ಶಿಷ್ಯೆಗೇ ಬಿಟ್ಟು ಹೋದಾಗ ಅದನ್ನು ಸಾಗಿಸಿದವನೂ ಅವನೇ. ಊರಿನ ಹುಡುಗರನ್ನು ಕಟ್ಟಿಕೊಂಡು ಬಂದು, ಕಾಲು ಬಿಚ್ಚಿಸಿ, ಮೈಗೆಲ್ಲ ಕಂಬಳಿ ಸುತ್ತಿ, ಟ್ರ್ಯಾಕ್ಟರಿನಲ್ಲಿ ಹುಲ್ಲಿನ ಮೇಲೆ ಮಲಗಿಸಿ ತಂದ. ಬಾಗಿಲು ಸಾಲದೆ ಚೌಕಟ್ಟು ಕೀಳಿಸಿದ. "ಆನೆ ಹೊತ್ತಂಗಾತು ಕಣಮ್ಮ" ಎಂದು ಬೆವರು ಒರೆಸಿಕೊಂಡು, ಕಾಫಿ ಕುಡಿದು, ತಂಗಿ ಬಾರಿಸಲು ಕೂತದ್ದು ಕಂಡ ಕೂಡಲೇ ಬೀಡಿ ನೆಪ ಹೇಳಿ ಹೊರಗಿನ ಕಟ್ಟೆಗೆ ಹೋದ. ಅವತ್ತಿನಿಂದ ಅದೇ ರೂಢಿ. ರಾಗಿ ತರುತ್ತಾನೆ, ಅವರೆಕಾಯಿ ತರುತ್ತಾನೆ, ಮುಚ್ಚಳ ತೆಗೆದರೆ ಎದ್ದು ಹೋಗುತ್ತಾನೆ. ಒಳಗೆ ಬಾ ಎಂದರೆ, "ನಂಗೇನು ತಿಳೀತೈತಮ್ಮ ಅದ್ರಾಗೆ. ತಿಳಿದೋರು ಕೇಳ್ಬೇಕು" ಎನ್ನುತ್ತಾನೆ. ತಿಳಿದವರು ಎಷ್ಟೋ ಜನ ಕೇಳಿ ಚಪ್ಪಾಳೆ ತಟ್ಟಿದ್ದಾರೆ. ಏಕನಾಥಮ್ಮನಿಗೆ ಅದರಿಂದ ಹೊಟ್ಟೆ ತುಂಬಿರಲಿಲ್ಲ.

ಹೊಸ ಪಿಯಾನೋ ಬಂದದ್ದು ಆರ್ಜೂಳಿಂದ. ಹಣ್ಣಿನ ಮಂಡಿಯ ಬಡೇಸಾಬರ ಮೊಮ್ಮಗಳು, ಏಕನಾಥಮ್ಮನ ಹಳೆಯ ಶಿಷ್ಯೆ, ಈಗ ದುರ್ಗದಲ್ಲೇ ಹಲ್ಲಿನ ಡಾಕ್ಟರು. ಬಹಳ ಆಸೆಪಟ್ಟು ಒಳ್ಳೆಯ ದರ್ಜೆಯದನ್ನೇ ತರಿಸಿಕೊಂಡಿದ್ದಳು. ಜನರ ಹಲ್ಲು ಕೀಳುವುದರಲ್ಲಿ ತನ್ನ ಪಿಯಾನೋದ ಬಿಳಿ ಹಲ್ಲು ಮುಟ್ಟಲು ಪುರುಸೊತ್ತಾಗಲಿಲ್ಲ. "ನಿಮ್ಮತ್ರ ಇರ್ಲಿ ಟೀಚರ್, ನಾನು ಇಲ್ಲಿಗೇ ಬಂದು ಬಾರಿಸ್ತೀನಿ" ಎಂದು ಇಳಿಸಿ ಹೋದಳು.

ಹೊಸಬಳನ್ನು ಏಕನಾಥಮ್ಮ ಮೊದಮೊದಲು ಅತ್ತೆಯ ಕಣ್ಣಿನಿಂದ ನೋಡಿದಳು. ತಪ್ಪು ಹುಡುಕಿದಳು, ಸುಲಭಕ್ಕೆ ಸಿಗಲಿಲ್ಲ. ಬಾರಿಸಲು ಒತ್ತುವ ಮಣೆಗಳು ಮರದವೇ, ಬೆರಳಿಗೆ ಅದೇ ತೂಕ. ಒಳಗೆ ತಂತಿಯಿಲ್ಲ, ಸುತ್ತಿಗೆ ತಂತಿಗೆ ಹೊಡೆಯುವುದೂ ಇಲ್ಲ. ಯಾವುದೋ ದೇಶದ ದೊಡ್ಡ ಸಭಾಂಗಣದ ಮಹಾ ಪಿಯಾನೋ ಒಂದರ ಸ್ವರಗಳನ್ನು ಒಂದೊಂದಾಗಿ ಹಿಡಿದು ತುಂಬಿಟ್ಟಿದ್ದಾರೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗುದ್ದಿದರೆ ಜೋರಾಗಿ ಅದೇ ಹೊರಗೆ ಬರುತ್ತದೆ. ಹಳೆಯದು ಹಾಗಲ್ಲ. ಏಪ್ರಿಲ್ ಬಿಸಿಲಿಗೆ ಮರ ಒಣಗಿ ಶ್ರುತಿ ಇಳಿಯುತ್ತದೆ, ಮಳೆ ಬಿದ್ದರೆ ಒಂದೆರಡು ಮಣೆ ಉಬ್ಬಿ ಒಳಗೇ ಕೂತುಬಿಡುತ್ತವೆ. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಬೆಂಗಳೂರಿನಿಂದ ಶ್ರುತಿ ಕೂಡಿಸುವ ಟ್ಯೂನರ್ ಬಂದು ದಾರಿಗೆ ತರಬೇಕು. ಹೊಸದಕ್ಕೆ ಬಿಸಿಲೂ ಒಂದೇ ಮಳೆಯೂ ಒಂದೇ. ಮೇಲಾಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮಧ್ಯಾಹ್ನ ಪರಮೇಶನ ನಿದ್ದೆ ಕೆಡುವುದಿಲ್ಲ. ಅವನಂತೂ ಹೊಸ ಸವತಿಯ ಪಕ್ಷಕ್ಕೆ ಬಹಿರಂಗವಾಗಿ ಸೇರಿಬಿಟ್ಟ.

ಆದರೆ ಕರೆಂಟ್ ಹೋದರೆ ಅದು ಬಟ್ಟೆ ಮಡಚಿಡುವ ಮೇಜು. ದುರ್ಗದಲ್ಲಿ ಕರೆಂಟ್ ಹೋಗುವುದಿಲ್ಲವೆಂದು ಆಣೆ ಇಡಲು ಯಾರೂ ಮುಂದೆ ಬರುವುದಿಲ್ಲ.

ಒಂದು ದಿನ ಆರ್ಜೂ ಪರಮೇಶನ ಕಣ್ಣಿಗೆ ಟವೆಲು ಕಟ್ಟಿ, ಒಂದೇ ಪಾಠವನ್ನು ಎರಡರಲ್ಲೂ ಬಾರಿಸಿ, "ಅಂಕಲ್, ನಿಜವಾದ ಪಿಯಾನೋ ಯಾವ್ದು ಹೇಳ್ರಿ ನೋಡಾಣ" ಎಂದಳು. ಪರಮೇಶ್ ತಡಮಾಡದೆ ಡಿಜಿಟಲ್ಲನ್ನೇ ನಿಜವಾದದ್ದು ಎಂದ. ಮೂವರೂ ಬಿದ್ದು ಬಿದ್ದು ನಕ್ಕರು.

"ಹಂಗಾದ್ರೆ ಎರಡೂ ಒಂದೇನಾ ಟೀಚರ್?" ಎಂದು ಆರ್ಜೂ ಕೇಳಿದಳು.

ಏಕನಾಥಮ್ಮ ಹಳೆಯದರ ಮುಂದೆ ಕೂತು, ಎಡಗೈಯ ಒಂದು ಮಣೆಯನ್ನು ಸದ್ದಾಗದಂತೆ ಒತ್ತಿ ಹಿಡಿದು, ಬಲಗೈಯಿಂದ ಮೇಲಿನ ಒಂದು ಸ್ವರ ಹೊಡೆದು ಬಿಟ್ಟಳು. ಹೊಡೆದದ್ದು ನಿಂತಿತು. ಹೊಡೆಯದ ತಂತಿ ತನ್ನಷ್ಟಕ್ಕೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. "ಇದನ್ನೂ ಹೊಸದ್ರಾಗೆ ತುಂಬವ್ರೆ, ಇಲ್ಲ ಅನ್ನಲ್ಲ. ಆದ್ರೆ ಅದು ಬೇರೆ ಯಾವ್ದೋ ಊರಿನ ಪಿಯಾನೋದ ಗುಂಯ್. ಇದು ನಮ್ಮನೇದು. ಕೇಳೋರಿಗೆ ಗೊತ್ತಾಗ್ದೇ ಇರಬೋದು ಕಣಮ್ಮ, ಬಾರ್ಸೋರಿಗೆ ಗೊತ್ತಾಗ್ತೈತೆ."

ಹೊಸದು ಬಂದ ಮೇಲೆ ಅಣ್ಣನ ವಿಷಯದಲ್ಲಿ ಅವಳಿಗೆ ಒಂದು ಆಸೆ ಹುಟ್ಟಿತ್ತು. ಹೊಳಪಿಗಾದರೂ ಮನಸೋತು ಕೂತಾನು ಎಂದು. ಆದರೆ ಉಗ್ರಪ್ಪ ಬಂದಾಗ ಅವಳು ಒಲೆಯ ಮುಂದಿದ್ದಳು. ಭಾವನಿಗೆ ಹೊಸ ವಸ್ತು ತೋರಿಸುವ ಉತ್ಸಾಹದಲ್ಲಿ ಪರಮೇಶ್ ಒಂದು ಗುಂಡಿ ಒತ್ತಿದ. ಒಳಗೆ ಮೊದಲೇ ತುಂಬಿದ್ದ ಹಾಡು ತಾನೇ ತಾನಾಗಿ ಶುರುವಾಯಿತು. ಯಾರೂ ಕೂತಿಲ್ಲ, ಮಣೆ ಮುಟ್ಟಿಲ್ಲ, ಮನೆಯೆಲ್ಲ ಸಂಗೀತ. ಉಗ್ರಪ್ಪ ಬಗ್ಗಿ ಪಿಯಾನೋದ ಕೆಳಗೆಲ್ಲ ನೋಡಿದ. ಊಟದ ಮೇಲೆ ಏಕನಾಥಮ್ಮ ಅವನ ಕೈ ಹಿಡಿದು ಮಂಚದ ಮೇಲೆ ಕೂರಿಸಿ, ತನಗೆ ಬರುವುದರಲ್ಲೆಲ್ಲ ಕಷ್ಟದ್ದನ್ನು ಆರಿಸಿ ಹೊಸದರಲ್ಲಿ ಬಾರಿಸಿದಳು. ಅವನು ಬೀದಿ ಕಡೆ ನೋಡುತ್ತ ಮುಗಿಯುವವರೆಗೆ ಸಹಿಸಿಕೊಂಡು, "ಮಿಶೀನು ಚೆನ್ನಾಗೈತೆ" ಎಂದು ಎದ್ದ. ಪರಮೇಶ್ ಒತ್ತಿದ ಗುಂಡಿಗೂ ಅವಳ ಹತ್ತು ಬೆರಳಿಗೂ ಅವನ ಪಾಲಿಗೆ ವ್ಯತ್ಯಾಸವಿರಲಿಲ್ಲ. ಅವತ್ತು ಏಕನಾಥಮ್ಮ ಪಾತ್ರೆ ತೊಳೆಯುತ್ತ ಅತ್ತಳು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ಪಿಯಾನೋದ ಸ್ವರ ಮಂಕಾಯಿತು. ಎಷ್ಟು ಒತ್ತಿದರೂ ಗಂಟಲು ಕಟ್ಟಿದವರಂತೆ ಉಸುರುತ್ತಿತ್ತು. ನುಸಿ ಹತ್ತಿರಬೇಕೆಂದು ಅನುಮಾನಪಟ್ಟು, ಟ್ಯೂನರ್ ಮಾಡುವುದನ್ನು ಪ್ರತಿ ವರ್ಷ ನೋಡಿದ್ದ ಪರಮೇಶ್ ತಿರುಪು ಬಿಚ್ಚಿ, ಮಣೆಗಳನ್ನೂ ಅವುಗಳ ಹಿಂದಿರುವ ಸುತ್ತಿಗೆಗಳ ಸಾಲನ್ನೂ ಡ್ರಾಯರ್ ಎಳೆದ ಹಾಗೆ ಹೊರಗೆಳೆದು ಮೇಜಿನ ಮೇಲಿಟ್ಟ. ಅದೇ ಹೊತ್ತಿಗೆ ರಾಗಿ ಚೀಲ ಹೊತ್ತು ಉಗ್ರಪ್ಪ ಬಂದ.

"ಬರ್ರಿ ಭಾವ, ಕುಂತ್ಕಳ್ರಿ" ಎಂದ ಪರಮೇಶ್.

ಉಗ್ರಪ್ಪ ಕೂರಲಿಲ್ಲ. ಚೀಲ ಇಳಿಸಿ, ಸುತ್ತಿಗೆಯ ತುದಿಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹುಬ್ಬೇರಿಸಿದ. "ಲೇ ಏಕಮ್ಮ, ಇದು ಉಣ್ಣೆ ಅಲ್ವೇನೆ?"

"ಹೂನಣ್ಣ. ಒತ್ತಿ ಒತ್ತಿ ಗಟ್ಟಿ ಮಾಡಿರೋ ಉಣ್ಣೆ. ಇದೇ ತಂತಿಗೆ ಹೊಡಿಯೋದು."

"ಇಷ್ಟು ದಿನ ಹೇಳ್ಳೇ ಇಲ್ವಲ್ಲ ನೀನು!" ಎಂದ. ಮಣೆ ಒತ್ತಿಸಿ, ಸುತ್ತಿಗೆ ನೆಗೆಯುವುದನ್ನು ಮತ್ತೆ ಮತ್ತೆ ನೋಡಿದ. ಪಿಯಾನೋದ ಮುಂದೆ ಅಣ್ಣ ಅಷ್ಟು ಹೊತ್ತು ನಿಂತದ್ದನ್ನು ಏಕನಾಥಮ್ಮ ಕಂಡದ್ದು ಅದೇ ಮೊದಲು. ಉಣ್ಣೆ ಮೆತ್ತಗಾಗಿ ಸದ್ದು ಬರುತ್ತಿಲ್ಲ, ದೀಪಾವಳಿಗೆ ಟ್ಯೂನರ್ ಬಂದು ಸರಿಮಾಡುತ್ತಾನೆ ಎಂದು ಖುಷಿಯಿಂದಲೇ ವಿವರಿಸಿದಳು. ಹೊಳಲ್ಕೆರೆಯ ಶಾಲೆಯಲ್ಲಿ ಮಕ್ಕಳ ಕಾರ್ಯಕ್ರಮವಿತ್ತು. ಮರುದಿನ ಸಂಜೆ ಬರುತ್ತೇನೆಂದು ಬಸ್ ಹತ್ತಿದಳು. ಎಡವಟ್ಟಾದದ್ದು ಆಗಲೇ.

ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿದವರಿಗೆ ಮೆತ್ತಗಿನ ಉಣ್ಣೆ ಗಟ್ಟಿಯಾಗಬೇಕೆಂದರೆ ಹೊಳೆಯುವುದು ಒಂದೇ ಉಪಾಯ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಮಾಡಿದ ಗಂಜಿ. ಅದನ್ನು ಉಂಡ ಕಂಬಳಿ ನೆಟ್ಟಗೆ ನಿಲ್ಲುತ್ತದೆ, ಮಳೆ ಬಂದರೆ ನೀರು ಜಾರುತ್ತದೆ. ಉಗ್ರಪ್ಪ ಊರಿಗೆ ಹೋಗಿ ಬೆಳಿಗ್ಗೆಯೇ ಗಂಜಿಯ ಗಡಿಗೆ, ಕುಂಚ ಹಿಡಿದು ಬಂದ. ಪರಮೇಶ್ ಒಂದು ಸಲ, "ಅವ್ಳನ್ನ ಕೇಳಾಣ ಭಾವ" ಎಂದದ್ದುಂಟು. "ಉಣ್ಣೆ ವಿಷ್ಯ ನನಗೆ ಹೇಳ್ಕೊಡ್ತಾಳೇನಪ್ಪ? ಬರೋ ಹೊತ್ಗೆ ಖಣಖಣ ಅನ್ಬೇಕು" ಎಂದ ಉಗ್ರಪ್ಪ. ತಂಗಿಗೆ ತನ್ನ ಕೈಯಿಂದ ಆಗುವ ಉಪಕಾರವೊಂದು ಕಡೆಗೂ ಸಿಕ್ಕಿತೆಂಬ ಹಿಗ್ಗಿನಲ್ಲಿ ಒಂದೂ ಸುತ್ತಿಗೆ ಬಿಡದೆ ಬಳಿದ. ಬಿಸಿಲಿನಲ್ಲಿ ಒಣಗಿಸಿದ. ಇಬ್ಬರೂ ಸೇರಿ ಒಳಗೆ ತಳ್ಳಿ ತಿರುಪು ಬಿಗಿದರು.

ಸಂಜೆ ಬಂದ ಏಕನಾಥಮ್ಮನನ್ನು ಚಪ್ಪಲಿ ಬಿಡುವ ಮೊದಲೇ ಪಿಯಾನೋದ ಮುಂದೆ ಕೂರಿಸಿದರು. ಅವಳು ನಗುತ್ತಲೇ ಕೈಯಿಟ್ಟಳು. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಾಯಿತು. ಯಾವ ಸ್ವರ ಒತ್ತಿದರೂ ಕರ್ಕಶ. ಡಾಕ್ಟರಮ್ಮನ ಪಿಯಾನೋ ಇದಲ್ಲವೇ ಅಲ್ಲ.

"ಏನ್ ಮಾಡಿದ್ರಿ ಇದಕ್ಕೆ?"

"ಗಂಜಿ ಹಾಕ್ದೆ ಕಣಮ್ಮ, ಹುಣಸೆ ಬೀಜದ್ದು. ಜೋರಾಗಿ ಬರ್ತೈತೆ ಅಲ್ವಾ?" ಎಂದ ಉಗ್ರಪ್ಪ. ಅವನ ಮುಖದಲ್ಲಿ ಇನ್ನೂ ಹಿಗ್ಗಿತ್ತು.

ಏಕನಾಥಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಇದನ್ನ ಒಂದಿನ ಕೂತು ಕೇಳಿದೋನಲ್ಲ ನೀನು! ಕೇಳಿದ್ರೆ ತಾನೆ ಇದು ಹೆಂಗಿತ್ತು ಅಂತ ಗೊತ್ತಾಗ್ತಿದ್ದಿದ್ದು? ಈಗ ಮುಟ್ಟಿ ಹಾಳು ಮಾಡ್ಬಿಟ್ಟೆ!"

ಉಗ್ರಪ್ಪ ಗಡಿಗೆ ತೆಗೆದುಕೊಂಡ, ಕಂಬಳಿ ಹೆಗಲಿಗೆ ಹಾಕಿಕೊಂಡ, ಊಟ ಮಾಡದೆ ಬಸ್ಸಿಗೆ ಹೋದ. ಪರಮೇಶ್ ತಾನು ಕಣ್ಣಿಗೆ ಬೀಳದಿದ್ದರೆ ಸಾಕೆಂದು ಹಿತ್ತಲಿಗೆ ಹೋಗಿ ತುಳಸಿಗೆ ಎರಡೆರಡು ಸಲ ನೀರು ಹಾಕಿದ.

ಸುದ್ದಿ ತಿಳಿದ ಆರ್ಜೂ, "ಹೋಗ್ಲಿ ಬಿಡ್ರಿ ಟೀಚರ್, ಹೊಸದು ಐತಲ್ಲ. ಅದು ಇದಕ್ಕಿಂತ ದೊಡ್ಡ ಪಿಯಾನೋದ ದನಿ" ಎಂದು ಸಮಾಧಾನ ಹೇಳಿದಳು. ಅದು ಸುಳ್ಳಲ್ಲ. ಪಾಠಗಳು ಹೊಸದರಲ್ಲೇ ನಡೆದವು, ಮಕ್ಕಳಿಗೆ ಏನೂ ಕಡಿಮೆಯಾಗಲಿಲ್ಲ. ಏಕನಾಥಮ್ಮನಿಗೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ. ಪಿಯಾನೋ ಕೆಟ್ಟದ್ದಕ್ಕಿಂತ ತಾನಾಡಿದ ಮಾತು ಚುಚ್ಚುತ್ತಿತ್ತು. ಶಾಲೆ ಬಿಟ್ಟು ಮರಿ ಕಾದವನಿಗೆ ಕೇಳಿದೋನಲ್ಲ ಎಂದುಬಿಟ್ಟೆನಲ್ಲ. ಇನ್ನು ತಾನು ಮುಚ್ಚಳ ತೆಗೆದರೆ ಅವನು ಕಟ್ಟೆಗೆ ಹೋಗುವುದಿರಲಿ, ಈ ಬೀದಿಗೇ ಬರಲಾರನೇನೋ ಎಂದು ಹೆದರಿದಳು.

ಟ್ಯೂನರಿಗೆ ಫೋನ್ ಮಾಡಿದಳು. ಹುಣಸೆ ಬೀಜ ಎಂದಾಗ ಅವನು ಏನಂದ್ರಿ ಎಂದು ಎರಡು ಸಲ ಕೇಳಿದ. ಆಮೇಲೆ ನಗು. "ಮೇಡಂ, ಮೆತ್ತಗಾದ ಸುತ್ತಿಗೆಗೆ ನಾವೂ ಒಂದೊಂದು ಸಲ ಗಟ್ಟಿ ಆಗೋ ದ್ರಾವಣ ಹಾಕ್ತೀವಿ. ನಿಮ್ಮಣ್ಣ ಸ್ವಲ್ಪ ಜಾಸ್ತಿ ಹಾಕಿದಾರೆ, ಅದೂ ಜಿರಳೆಗೆ ಇಷ್ಟ ಆಗೋದನ್ನ. ತೊಳೀಬೇಡಿ. ಸಣ್ಣ ಸೂಜಿಯಿಂದ ಉಣ್ಣೇನ ಬಿಡಿಸ್ತಾ ಬನ್ನಿ. ಚುಚ್ಚೋದು, ಬಾರಿಸಿ ಕೇಳೋದು, ಮತ್ತೆ ಚುಚ್ಚೋದು. ಒಬ್ಬರಿಂದ ಆಗಲ್ಲ. ಮಿಕ್ಕಿದ್ದು ನಾನು ಬಂದು ನೋಡ್ತೀನಿ."

ಒಬ್ಬರಿಂದ ಆಗುವುದಿಲ್ಲ ಎಂದ ಮಾತು ಕೇಳಿದ್ದೇ ಏಕನಾಥಮ್ಮ ಹಿರೇಗುಂಟನೂರಿನ ಬಸ್ ಹತ್ತಿದಳು.

ಉಗ್ರಪ್ಪ ಕುರಿ ರೊಪ್ಪದ ಬೇಲಿ ಸರಿಮಾಡುತ್ತಿದ್ದ. ತಂಗಿಯನ್ನು ಕಂಡು ಮುಳ್ಳು ಕೆಳಗಿಟ್ಟ. "ಸರಿಹೋತೇನಮ್ಮ ಅದು?"

"ಇಲ್ಲ. ನೀನೇ ಬರ್ಬೇಕಂತೆ."

"ಬ್ಯಾಡ ಬಿಡಮ್ಮ. ಮುಟ್ಟಿ ಆತಲ್ಲ ಒಂದ್ಸಲ. ನಂಗೇನು ತಿಳೀತೈತೆ?"

"ಅಣ್ಣ, ಅವತ್ತು ನಾನಾಡಿದ್ದು ತಪ್ಪು. ಹೊಟ್ಟೆಗೆ ಹಾಕ್ಕೋ" ಎಂದಳು. ಅವನು ಬೇಲಿ ಕಡೆ ತಿರುಗಿದ. ಅವಳು ಬಿಡಲಿಲ್ಲ. "ಉಣ್ಣೆ ಮೆತ್ತಗೈತೋ ಗಟ್ಟಿಗೈತೋ ಅಂತ ತಿಳೀತೈತೋ ಇಲ್ವೋ ನಿಂಗೆ?"

"ಅದು ತಿಳೀತೈತೆ."

"ಅಷ್ಟು ಸಾಕು. ಏಳು, ಹೋಗಾಣ."

ಉಗ್ರಪ್ಪ ಚೀಲ ಹೊಲಿಯುವ ದಬ್ಬಣ ಹಿಡಿದು ಹೊರಟ. ಅದನ್ನು ಬಿಡಿಸಿ, ದುರ್ಗದಲ್ಲಿ ಬಟ್ಟೆ ಹೊಲಿಯುವ ಸಣ್ಣ ಸೂಜಿ ಕೊಡಿಸಿದಳು. ಬಿದಿರಿನ ತುಂಡಿಗೆ ಅವನ್ನು ಜೋಡಿಸಿ ಅವನೇ ಹಿಡಿಕೆ ಮಾಡಿಕೊಂಡ. ಕೆಲಸ ಹೀಗೆ ನಡೆಯಿತು: ಪರಮೇಶ್ ಸುತ್ತಿಗೆಗಳ ಸಾಲನ್ನು ಹೊರಗೆಳೆಯಬೇಕು, ಉಗ್ರಪ್ಪ ಚುಚ್ಚಬೇಕು, ಪರಮೇಶ್ ಒಳಗೆ ತಳ್ಳಬೇಕು, ಏಕನಾಥಮ್ಮ ಬಾರಿಸಬೇಕು. ಹೊರಗೆ, ಒಳಗೆ, ಮತ್ತೆ ಹೊರಗೆ. "ರೈಲ್ವೇಲಿ ಶಂಟಿಂಗ್ ಕೂಡ ಇಷ್ಟು ಮಾಡ್ಸಿರ್ಲಿಲ್ಲ" ಎಂದು ಪರಮೇಶ್ ಗೊಣಗಿದ. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಎಳೆದ.

ಮೊದಮೊದಲು ಉಗ್ರಪ್ಪ ಕೈಯಿಂದಲೇ ಪರೀಕ್ಷೆ ಮಾಡಿದ. ಹೆಬ್ಬೆರಳಿಗೆ ಮೆತ್ತಗೆನಿಸಿತು ಎಂದು ಬಿಟ್ಟದ್ದು ಬಾರಿಸಿದರೆ ಇನ್ನೂ ಚೀರುತ್ತಿತ್ತು. ಇನ್ನೊಂದನ್ನು ಅತಿಯಾಗಿ ಚುಚ್ಚಿ ಪೂರ್ತಿ ಮೂಕನನ್ನಾಗಿ ಮಾಡಿದ. ತಲೆ ಕೆರೆದುಕೊಂಡ. "ಬೆರಳು ಸುಳ್ಳು ಹೇಳ್ತೈತೆ ಕಣೆ" ಎಂದ.

"ಹಂಗಾರೆ ಕಿವಿ ಕೊಡು" ಎಂದಳು ಏಕನಾಥಮ್ಮ.

ಅವನು ಕಂಬಳಿ ಹಾಸಿ ಪಿಯಾನೋದ ಪಕ್ಕದಲ್ಲೇ ನೆಲಕ್ಕೆ ಕೂತ. ಅವಳು ಒಂದು ಸ್ವರ ಹೊಡೆದಳು, ಅದು ಪೂರ್ತಿ ಅಡಗುವವರೆಗೆ ಅವನು ತಲೆ ಬಗ್ಗಿಸಿ ಕೇಳಿದ. "ಗಟ್ಟಿ." ಚುಚ್ಚಿದ. ಮತ್ತೆ ಹೊಡೆದಳು. "ಇನ್ನೊಂಚೂರು." ಮತ್ತೆ. "ಹಾ, ಈಗ ಮೈ ಬಿಡ್ತು." ಕೆಳಗಿನ ದಪ್ಪ ಸ್ವರಗಳಿಂದ ಶುರುವಾಗಿ ಮೇಲಿನ ಸಣ್ಣ ಸ್ವರಗಳವರೆಗೆ ಪ್ರತಿಯೊಂದನ್ನೂ ಅವನು ಹೀಗೆ ಕೇಳಿದ. ಕುರಿಗಳನ್ನು ಮಗ ನೋಡಿಕೊಳ್ಳುತ್ತಾನೆಂದು ಅಲ್ಲೇ ಉಳಿದ. ಬೀಡಿ ಸೇದಲು ಕಟ್ಟೆಗೆ ಹೋದವನು ಅರ್ಧಕ್ಕೆ ಆರಿಸಿ ಒಳಗೆ ಬರುತ್ತಿದ್ದ. ಏಕನಾಥಮ್ಮ ಏನೂ ಆಡಲಿಲ್ಲ. ಆಡಿದರೆ ಎಲ್ಲಿ ಎಚ್ಚರವಾಗಿ ಎದ್ದು ಹೋಗುತ್ತಾನೋ ಎಂದು ಬಾಯಿ ಬಿಗಿಹಿಡಿದು ಬರೀ ಮಣೆ ಒತ್ತುತ್ತಿದ್ದಳು. ಒಳಗೊಳಗೆ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ಕಡೆಯ ಸುತ್ತಿಗೆ ಮುಗಿದಾಗ ಮೂರನೆಯ ದಿನದ ಮಧ್ಯಾಹ್ನವಾಗಿತ್ತು. ಪರಮೇಶ್ ತಿರುಪು ಬಿಗಿದು ಮಂಚದ ಮೇಲೆ ಬಿದ್ದುಕೊಂಡ. ಪಿಯಾನೋ ಮೊದಲಿನ ಹಾಗೆ ಆಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಸ್ವರ ಎತ್ತರ ತಗ್ಗು ಇತ್ತು. ಪಕ್ಕದಲ್ಲಿದ್ದ ಹೊಸದರ ನಯ ಇದಕ್ಕೆ ಇನ್ನು ಬರುವಂತಿರಲಿಲ್ಲ. ಆದರೆ ಮಾತಾಡುತ್ತಿತ್ತು.

"ಎಲ್ಲ ಸೇರಿಸಿ ಒಂದ್ಸಲ ಬಾರ್ಸು, ನೋಡಾಣ" ಎಂದ ಉಗ್ರಪ್ಪ.

ಏಕನಾಥಮ್ಮ ಈ ಸಲ ಕಷ್ಟದ್ದನ್ನು ಆರಿಸಲಿಲ್ಲ. ಡಾಕ್ಟರಮ್ಮ ಹೇಳಿಕೊಟ್ಟಿದ್ದ, ಅವಸರವಿಲ್ಲದ ಒಂದು ಹಳೆಯ ಪಾಠವನ್ನು ಎತ್ತಿಕೊಂಡಳು. ಅಣ್ಣ ಬೀದಿ ಕಡೆ ನೋಡುತ್ತಿರಲಿಲ್ಲ. ಅವಳ ಬೆರಳುಗಳನ್ನು ನೋಡುತ್ತಿದ್ದ, ಒಮ್ಮೊಮ್ಮೆ ಕಣ್ಣು ಮುಚ್ಚುತ್ತಿದ್ದ. ಇನ್ನೇನು ಮುಗಿಯಬೇಕು, ಕೈ ಎತ್ತಿದ.

"ತಡಿ ತಡಿ. ಆ ಒಂದು ಇನ್ನೂ ಗಟ್ಟಿ ಐತೆ."

"ಯಾವ್ದಣ್ಣ?"

"ಅಲ್ಲೆಲ್ಲೋ ನಡುವೆ ಬಂತಮ್ಮ. ಈಗ ಹೆಂಗೆ ಹೇಳ್ಲಿ? ಮೊದ್ಲಿಂದ ಬಾರ್ಸು, ಬಂದಾಗ ಹೇಳ್ತೀನಿ."

ಅವಳು ಮೊದಲಿಂದ ಬಾರಿಸಿದಳು. ಅವನು ಕೈ ಎತ್ತಲಿಲ್ಲ, ಕೊನೆಯ ಸ್ವರ ಅಡಗುವವರೆಗೂ ಕೂತಿದ್ದು, "ಈ ಸಲ ಗೊತ್ತಾಗ್ಲಿಲ್ಲ. ಇನ್ನೊಂದ್ಸಲ" ಎಂದ. ಏಕನಾಥಮ್ಮ ಕಿವಿಗೊಟ್ಟು ಕೇಳಿದ್ದಳು. ಆ ಪಾಠದ ಯಾವ ಸ್ವರವೂ ಗಟ್ಟಿ ಇರಲಿಲ್ಲ. ಅದನ್ನು ಅವಳು ಹೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದಳು.